ಗಾಳಿಬೀಡಿನ ಶೆಡ್ಡಿನಲ್ಲಿ ಸ್ನೋಬೋರ್ಡ್: ಮರ ಒಣಗಿಸುವುದರಿಂದ ಮೇಣ ಹಚ್ಚುವವರೆಗೆ

ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಉಳಿಯುತ್ತದೆ ಅಂತ ಮನೆಯಲ್ಲಿ ಸ್ನೋಬೋರ್ಡ್, ಅಂದರೆ ಹಿಮದ ಮೇಲೆ ನಿಂತು ಜಾರುವ ಹಲಗೆ, ಮಾಡಲು ಹೊರಡಬೇಡಿ. ಅಡಿಯ ಪ್ಲಾಸ್ಟಿಕ್, ಸ್ಟೀಲ್ ಎಡ್ಜ್, ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಹಿಡಿದಿಡುವ ಪಟ್ಟಿ) ಕೂರಿಸುವ ಇನ್ಸರ್ಟ್ ನಟ್ಟು ಎಲ್ಲವನ್ನೂ ಹೊರದೇಶದಿಂದ ತರಿಸಬೇಕು. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿದರೆ ಆ ದುಡ್ಡಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಬೋರ್ಡೇ ಬರುತ್ತದೆ. ಆದರೆ ನಿಮ್ಮ ಪಾದ ದೊಡ್ಡದಾಗಿದ್ದು, ಬಾಡಿಗೆ ಬೋರ್ಡಿನ ಅಂಚಿನಿಂದ ಬೂಟಿನ ತುದಿ ಹೊರಗೆ ಚಾಚಿಕೊಂಡು, ಪ್ರತಿ ತಿರುವಿನಲ್ಲೂ ಹಿಮಕ್ಕೆ ಗೀರುತ್ತಿದ್ದರೆ ಆಗ ಮಾತು ಬೇರೆ. ನನ್ನದು ಹತ್ತನೇ ನಂಬರ್ ಬೂಟು, ತೂಕ 80 ಕಿಲೋ. ಗುಲ್ಮಾರ್ಗ್‌ನಲ್ಲಿ ನನ್ನ ಕೈಗೆ ಸಿಕ್ಕಿದ ಬಾಡಿಗೆ ಬೋರ್ಡುಗಳೆಲ್ಲ ಒಂದೋ ಸಪೂರ, ಇಲ್ಲವೇ ಸವೆದು ಮೆತ್ತಗಾದವು. ನನ್ನ ಕಾಲಿನ ಅಳತೆಗೆ, ನನ್ನ ತೂಕಕ್ಕೆ ಸರಿಯಾದ ಬಿಗಿ ಬೇಕಿತ್ತು. ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದ್ದು.

ಕೊಡಗಿನ ಮಡಿಕೇರಿ ಹತ್ತಿರ, ಗಾಳಿಬೀಡು ಕಡೆ ನನ್ನದೊಂದು ಮರಗೆಲಸದ ಶೆಡ್ ಇದೆ. ಕಿಟಕಿ, ಬಾಗಿಲು, ಹೋಮ್‌ಸ್ಟೇಗಳಿಗೆ ಮಂಚ, ಮೇಜು, ಹೀಗೆ ಹೊಟ್ಟೆಪಾಡಿನ ಕೆಲಸ. ‘ಇಲ್ಲಿ ಹಿಮ ಎಲ್ಲಿದೆ ಮಾರಾಯ?’ ಅಂತ ಶೆಡ್ಡಿಗೆ ಬಂದವರೆಲ್ಲ ಕೇಳುತ್ತಾರೆ. ಹಿಮ ಇಲ್ಲ, ಸರಿ. ಆದರೆ ಕೊಡಗಿನವರಿಗೆ ಹಿಮ ಹೊಸದೇನಲ್ಲ. ಸೈನ್ಯದಲ್ಲಿದ್ದು ಕಾಶ್ಮೀರದ ಚಳಿ ತಿಂದು ಬಂದವರು ಊರೂರಲ್ಲೂ ಸಿಗುತ್ತಾರೆ. ಈಗಂತೂ ನಮ್ಮ ಜಿಲ್ಲೆಯ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ವಿಂಟರ್ ಗೇಮ್ಸ್ ಪದಕಗಳನ್ನೇ ತಂದಿದ್ದಾರೆ. ಇನ್ನು ಮನೆಯಲ್ಲಿ ಬೋರ್ಡ್ ಮಾಡುವುದು ಹುಚ್ಚು ಅನ್ನುವವರಿಗೆ ಒಂದು ಮಾತು: ಈ ಆಟ ಹುಟ್ಟಿದ್ದೇ ಹಾಗೆ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪೆನ್ ತನ್ನ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ಒಂದು ಹಲಗೆ ಮಾಡಿಕೊಟ್ಟರು. 1977ರಲ್ಲಿ ಜೇಕ್ ಬರ್ಟನ್ ವರ್ಮಾಂಟ್‌ನ ಒಂದು ಕೊಟ್ಟಿಗೆಯಲ್ಲಿ ಬೋರ್ಡ್ ತಯಾರಿಸಲು ಶುರು ಮಾಡಿದರು. ಒಲಿಂಪಿಕ್ಸ್‌ಗೆ ಅದು ಬಂದದ್ದು 1998ರ ನಾಗಾನೋದಲ್ಲಿ.

ಮರಗೆಲಸ ಗೊತ್ತಿದ್ದವರಿಗೆ ಸ್ನೋಬೋರ್ಡ್ ಕಷ್ಟವಲ್ಲ. ನಮ್ಮಲ್ಲಿ ಕಷ್ಟ ಕೊಡುವುದು ತೇವ. ಬೋರ್ಡ್ ಅಂದರೆ ನಡುವೆ ಮರದ ಕೋರ್, ಅದರ ಮೇಲೆ ಕೆಳಗೆ ಗಾಜಿನ ನಾರಿನ ಬಟ್ಟೆ, ಎಲ್ಲವನ್ನೂ ಹಿಡಿದಿಡಲು ಎಪಾಕ್ಸಿ ಅನ್ನುವ ಅಂಟು ರಾಳ. ಮರಕ್ಕೆ ತೇವ, ಗ್ಲಾಸ್ ಬಟ್ಟೆಗೆ ತೇವ, ಎಪಾಕ್ಸಿಗೆ ತೇವ. ಕೆನಡಾದವರು ಬರೆದ ಸೂಚನೆಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಒಣಗಿಸುವ ವಿಷಯ ಸ್ವಲ್ಪ ಜಾಸ್ತಿಯೇ ಬರುತ್ತದೆ.

ಯಾವಾಗ ಶುರು ಮಾಡಬೇಕು

ಮಳೆಗಾಲದಲ್ಲಿ ಅಂಟಿಸುವ ಕೆಲಸ ಬೇಡವೇ ಬೇಡ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ, ಬೀರುವಿನೊಳಗಿನ ಬೆಲ್ಟಿಗೂ ಬೂಸ್ಟು ಬರುವ ಊರು ನಮ್ಮದು. ಆ ತಿಂಗಳುಗಳಲ್ಲಿ ಕೂತು ನಕ್ಷೆ ಬಿಡಿಸಿ, ಅಚ್ಚು ಮಾಡಿ, ಸಾಮಾನು ತರಿಸಿಕೊಳ್ಳಿ. ಮರವನ್ನು ಮಾತ್ರ ಅದಕ್ಕೂ ಮೊದಲೇ, ಬೇಸಿಗೆಯಲ್ಲೇ ಸೀಳಿಸಿ ಅಟ್ಟಕ್ಕೆ ಹಾಕಿರಬೇಕು. ಕೋರ್ ಅಂಟಿಸುವುದು, ಬೋರ್ಡ್ ಒತ್ತುವುದು ಎಲ್ಲ ಹುತ್ತರಿ ಸುಗ್ಗಿ ಹಬ್ಬ ಕಳೆದ ಮೇಲೆ. ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲಿನ ಗಡಿಬಿಡಿ ಇರುತ್ತದೆ ನಿಜ, ಆದರೆ ಒಣ ಹವೆ ಸಿಗುವುದೂ ಆಗಲೇ. ಜನವರಿ, ಫೆಬ್ರವರಿಗೆ ಗುಲ್ಮಾರ್ಗ್‌ನಲ್ಲೋ ಔಲಿಯಲ್ಲೋ ಹಿಮ ಚೆನ್ನಾಗಿರುವಾಗ ಬೋರ್ಡ್ ತಯಾರಿರುತ್ತದೆ.

ನಕ್ಷೆ: ಕಾಫಿ ಕಣದಲ್ಲಿ ಎಂಟು ಮೀಟರ್ ಕಂಬಿ

ಬೋರ್ಡಿನ ಉದ್ದ 158 ಸೆಂಟಿಮೀಟರ್ ಅಂದುಕೊಳ್ಳಿ. ಅದರಲ್ಲಿ ಹಿಮಕ್ಕೆ ತಾಗಿ ಕೆಲಸ ಮಾಡುವ ಅಂಚು 120, ಮೂಗಿಗೆ 20, ಬಾಲಕ್ಕೆ 18. ನಡುವಿನ ಅಗಲ ನಿಮ್ಮ ಬೂಟು ನೋಡಿ ತೀರ್ಮಾನ ಮಾಡಿ. ಹತ್ತನೇ ನಂಬರಿಗೆ 260 ಮಿಲಿಮೀಟರ್ ಬೇಕು. ಬೂಟು ಹಾಕಿಕೊಂಡು ಕಾಗದದ ಮೇಲೆ ನಿಂತು, ನೀವು ನಿಲ್ಲುವ ಕೋನದಲ್ಲೇ ಗೆರೆ ಎಳೆದು ನೋಡಿ. ಎರಡೂ ಕಡೆ ಬೂಟು ಒಂದೆರಡು ಸೆಂಟಿಮೀಟರ್ ಹೊರಗೆ ಬಂದರೆ ತೊಂದರೆ ಇಲ್ಲ.

ಬದಿಯ ಒಳಬಾಗು ತಿರುವಿನ ಗುಣವನ್ನು ನಿರ್ಧರಿಸುತ್ತದೆ. ಅದಕ್ಕೆ ಸೈಡ್‌ಕಟ್ ಅಂತಾರೆ. ಅದೊಂದು ದೊಡ್ಡ ವೃತ್ತದ ತುಂಡು. ವೃತ್ತದ ತ್ರಿಜ್ಯ 8 ಮೀಟರ್ ಇಟ್ಟುಕೊಂಡರೆ ಎಲ್ಲ ಕಡೆಗೂ ಆಗುತ್ತದೆ. 7ಕ್ಕೆ ಇಳಿಸಿದರೆ ಬೋರ್ಡ್ ಚುರುಕಾಗಿ ತಿರುಗುತ್ತದೆ, ವೇಗದಲ್ಲಿ ಸ್ವಲ್ಪ ಚಡಪಡಿಸುತ್ತದೆ. ಲೆಕ್ಕ ಸುಲಭ: ಅಂಚಿನ ಉದ್ದದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. 1.2 ಮೀಟರ್‌ನ ವರ್ಗ 1.44. ಅದನ್ನು 64ರಿಂದ ಭಾಗಿಸಿದರೆ 22.5 ಮಿಲಿಮೀಟರ್. ಅಂದರೆ ನಡುವಿನಲ್ಲಿ ಪ್ರತಿ ಬದಿ 22.5 ಮಿಲಿಮೀಟರ್ ಒಳಕ್ಕೆ ಬರಬೇಕು. ಹಾಗಾದರೆ ಅತಿ ಅಗಲದ ಜಾಗ 260 ಮತ್ತು 45, ಒಟ್ಟು 305.

ಈ ಗೆರೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಪ್ರಿಂಟ್ ಹಾಕಿಸಬಹುದು. ನನಗೆ ಕಾಫಿ ಒಣಗಿಸುವ ಸಿಮೆಂಟ್ ಕಣವೇ ಅನುಕೂಲ. ಒಂದು ಮೂಲೆಯಲ್ಲಿ ಮೊಳೆ ಹೊಡೆದು, ಎಂಟು ಮೀಟರ್ ಜಿ.ಐ. ಕಂಬಿಯ ತುದಿಗೆ ಪೆನ್ಸಿಲ್ ಕಟ್ಟಿ, ಆರು ಮಿಲಿಮೀಟರ್ ಎಂಡಿಎಫ್ ಹಲಗೆಯ ಮೇಲೆ ಕಮಾನು ಎಳೆದುಬಿಡಿ. ಹಗ್ಗ ಬೇಡ, ಎಳೆದರೆ ಉದ್ದವಾಗುತ್ತದೆ. ಅರ್ಧ ಬೋರ್ಡಿಗೆ ಮಾತ್ರ ಟೆಂಪ್ಲೇಟ್ ಮಾಡಿ. ನಡುಗೆರೆಯ ಮೇಲಿಟ್ಟು ಮಗುಚಿದರೆ ಎರಡೂ ಬದಿ ತಾನಾಗೇ ಒಂದೇ ಆಗುತ್ತವೆ.

ಅಚ್ಚು

ಅಚ್ಚಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಇದು ಸುಮ್ನೆ ತಾಳ್ಮೆಯ ಕೆಲಸ. 18 ಮಿಲಿಮೀಟರ್ ಎಂಡಿಎಫ್‌ನಲ್ಲಿ ಬೋರ್ಡಿನ ಪಕ್ಕನೋಟವನ್ನು ಕತ್ತರಿಸಿ. ಒಂದನ್ನು ಚೆನ್ನಾಗಿ ಉಜ್ಜಿ ಸರಿ ಮಾಡಿ, ಉಳಿದವನ್ನು ಬೇರಿಂಗ್ ಇರುವ ರೌಟರ್ (ಮರ ಕೆತ್ತುವ ಯಂತ್ರ) ಬಿಟ್‌ನಿಂದ ಅದರ ನಕಲು ಮಾಡಿ. ಸಾಲಾಗಿ ಬೋಲ್ಟ್ ಹಾಕಿ ಜೋಡಿಸಿ, ಮೇಲೆ ಒಂದು ತೆಳು ಅಲ್ಯೂಮಿನಿಯಂ ಶೀಟ್ ಹೊದಿಸಿ. ಮೂಗಿನ ಬಾಗು 40 ಸೆಂಟಿಮೀಟರ್ ತ್ರಿಜ್ಯದ ಕಮಾನಾದರೆ 20 ಸೆಂಟಿಮೀಟರ್ ಉದ್ದಕ್ಕೆ ಸುಮಾರು 5 ಸೆಂಟಿಮೀಟರ್ ಎತ್ತರ ಬರುತ್ತದೆ, ಅಷ್ಟು ಸಾಕು. ನಡುವೆ ಬೋರ್ಡ್ ನೆಲದಿಂದ ಸ್ವಲ್ಪ ಮೇಲೆದ್ದಿರಬೇಕು. ಇದಕ್ಕೆ ಕ್ಯಾಂಬರ್ ಅಂತ ಹೆಸರು. ಅಚ್ಚಿನಲ್ಲಿ 8 ಮಿಲಿಮೀಟರ್ ಕೊಡಿ. ಅಚ್ಚಿನಿಂದ ಬಿಡಿಸಿದ ಮೇಲೆ ಅದು ಸ್ವಲ್ಪ ಇಳಿಯುತ್ತದೆ.

ಕೋರ್: ಇಲ್ಲೇ ಇರುವುದು ಎಲ್ಲ

ಹೊರಗೆ ಕಾಣುವ ಚಿತ್ರ, ಬಣ್ಣ ಏನೇ ಇರಲಿ, ಬೋರ್ಡಿನ ಸ್ವಭಾವ ಒಳಗಿನ ಮರದಲ್ಲಿದೆ. ಕಂಪನಿಗಳು ಹೆಚ್ಚಾಗಿ ಪಾಪ್ಲರ್ ಹಾಕುತ್ತವೆ. ಹಗುರ, ನೇರ ನಾರು, ಅಗ್ಗ. ಕೆಲವರು ಪೌಲೋನಿಯಾ, ಬಿದಿರು, ಬೀಚ್, ಆಶ್ ಬೆರೆಸುತ್ತಾರೆ. ಪಾಪ್ಲರ್ ನಮ್ಮ ಕಡೆಯ ಮರವಲ್ಲ. ಹರಿಯಾಣದ ಯಮುನಾನಗರದ ಪ್ಲೈವುಡ್ಡಿನ ಒಳಗೆ ಹೆಚ್ಚಾಗಿ ಅದೇ ಇರುತ್ತದೆ, ಆದರೆ ಇಡೀ ಹಲಗೆ ಬೇಕು ಅಂದರೆ ದೊಡ್ಡ ಊರಿನ ಟಿಂಬರ್ ಡಿಪೋಗಳಲ್ಲಿ ಹುಡುಕಬೇಕು.

ನಾನು ಬಳಸುವುದು ತೋಟದ ಸಿಲ್ವರ್ ಓಕ್ ಮತ್ತು ಹೆಬ್ಬೇವು. ಸಿಲ್ವರ್ ಓಕ್ ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ನಾವು ಹಾಕಿದ ಮರ. ನೇರವಾಗಿ ಬೆಳೆಯುತ್ತದೆ, ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ, ಬಾಗಿಸಿದರೆ ಮತ್ತೆ ನೆಟ್ಟಗಾಗುತ್ತದೆ. ತೂಕ ಮಾತ್ರ ಪಾಪ್ಲರಿಗಿಂತ ಜಾಸ್ತಿ. ಇಡೀ ಕೋರ್ ಸಿಲ್ವರ್ ಓಕ್‌ನಲ್ಲೇ ಮಾಡಿದರೆ ಪಾಪ್ಲರ್ ಕೋರಿಗಿಂತ ಮುನ್ನೂರು ಗ್ರಾಂನಷ್ಟು ಭಾರ ಬರುತ್ತದೆ. ಹೆಬ್ಬೇವು ಹಗುರ, ಅದನ್ನು ಪ್ಲೈವುಡ್ಡಿಗೆ ಅಂತಲೇ ಬೆಳೆಸುತ್ತಾರೆ. ಹಾಗಾಗಿ ಬೈಂಡಿಂಗ್ ಬೋಲ್ಟ್ ಕೂರುವ ನಡುಭಾಗದ 8 ಸೆಂಟಿಮೀಟರ್ ಅಗಲಕ್ಕೆ ಸಿಲ್ವರ್ ಓಕ್, ಅದರ ಎರಡೂ ಪಕ್ಕಕ್ಕೆ ಹೆಬ್ಬೇವು, ಅಂಚಿನ ಹತ್ತಿರ ಮತ್ತೆ ಒಂದೊಂದು ಸಿಲ್ವರ್ ಓಕ್ ಪಟ್ಟಿ. ಬೀಟೆ, ತೇಗದ ಆಸೆ ಬಿಡಿ. ಭಾರ, ದುಬಾರಿ, ಮೇಲೆ ಪರ್ಮಿಟ್ ತಾಪತ್ರಯ ಬೇರೆ.

ಬಿದಿರು ಹಾಕುವ ಆಸೆ ಇದ್ದರೆ ಹಾಕಿ, ಅದರ ಪುಟಿತ ಬೇರೆ ಮರಕ್ಕೆ ಬರುವುದಿಲ್ಲ. ಆದರೆ ಸೀಳಿದ ಪಟ್ಟಿಗಳನ್ನು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ನೆನೆಸಿ ಒಣಗಿಸದೆ ಬಳಸಬೇಡಿ. ಇಲ್ಲದಿದ್ದರೆ ಕುಟ್ಟೆ ಹುಳ ಒಳಗೇ ಕೂತು ಪುಡಿ ಮಾಡುತ್ತದೆ. ಅಮಾವಾಸ್ಯೆಯಲ್ಲಿ ಕಡಿದ ಬಿದಿರಿಗೆ ಹುಳ ಬರುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ. ಅಮಾವಾಸ್ಯೆಯಲ್ಲೇ ಕಡಿಯಿರಿ, ಬೋರಾಕ್ಸನ್ನೂ ಹಾಕಿ.

ಒಂದು ಎಚ್ಚರಿಕೆ. ಸಿಲ್ವರ್ ಓಕ್ ಹೊಟ್ಟು ಕೆಲವರ ಮೈಗೆ ಆಗುವುದಿಲ್ಲ, ತುರಿಕೆ, ಗುಳ್ಳೆ ಬರುತ್ತದೆ. ಮರದಲ್ಲೇ ಇರುವ ರಾಸಾಯನಿಕದ ಗುಣ ಅದು. ತುಂಬುತೋಳಿನ ಅಂಗಿ, ಮಾಸ್ಕ್ ಹಾಕಿಕೊಂಡೇ ಪ್ಲೇನ್ ಮಾಡಿ.

ಈಗ ತೇವದ ಮಾತು. ಕೋರ್ ಅಂಟಿಸುವ ಹೊತ್ತಿಗೆ ಮರದ ತೇವ ಶೇಕಡಾ 8ರಿಂದ 10ರೊಳಗೆ ಇರಬೇಕು. ಮಳೆಗಾಲದಲ್ಲಿ ನಮ್ಮ ಶೆಡ್ಡಿನ ಮರ ಸಲೀಸಾಗಿ 18 ತೋರಿಸುತ್ತದೆ. ಅದೇ ಸ್ಥಿತಿಯಲ್ಲಿ ಎರಡು ಪದರ ಗ್ಲಾಸಿನ ನಡುವೆ ಮುಚ್ಚಿಟ್ಟು ಕಾಶ್ಮೀರದ ಒಣ ಚಳಿಗೆ ಒಯ್ದರೆ ಮರ ಒಳಗೇ ಕುಗ್ಗುತ್ತದೆ, ಬೋರ್ಡ್ ತಿರುಚುತ್ತದೆ. ಕಾಫಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದ ಕಾಫಿ) ಹತ್ತಕ್ಕೆ ಬರುವವರೆಗೆ ಚೀಲ ಕಟ್ಟುವುದಿಲ್ಲ, ಅಲ್ವಾ? ಆದರೆ ಕಾಫಿ ಮೀಟರಿನಲ್ಲಿ ಮರ ಅಳೆಯಲು ಆಗುವುದಿಲ್ಲ. ಎರಡು ಮುಳ್ಳು ಚುಚ್ಚುವ ಮರದ ಮೀಟರೇ ಬೇಕು, ದೊಡ್ಡ ಬೆಲೆಯೇನಲ್ಲ. ಹಲಗೆಯ ಮೇಲ್ಮೈ ನಂಬಬೇಡಿ. ತುದಿಯಿಂದ ಒಂದು ಅಡಿ ಒಳಗೆ ಕತ್ತರಿಸಿ, ಆ ಹೊಸ ಮುಖಕ್ಕೆ ಚುಚ್ಚಿ ನೋಡಿ.

ಒಣಗಿಸಲು ನಾನು ಅಡುಗೆಮನೆಯ ಒಲೆಯ ಮೇಲಿನ ಅಟ್ಟವನ್ನೇ ನೆಚ್ಚಿದ್ದೇನೆ. ಪಟ್ಟಿಗಳ ನಡುವೆ ತೆಳು ಕಡ್ಡಿ ಇಟ್ಟು, ಗಾಳಿ ಆಡುವ ಹಾಗೆ ಪೇರಿಸಿ. ಮೇಲೆ ಭಾರ ಹೇರಿ, ಇಲ್ಲದಿದ್ದರೆ ಸೊಟ್ಟಗಾಗುತ್ತವೆ. ಒಲೆ ಇಲ್ಲದವರು ಪ್ಲೈವುಡ್ ಪೆಟ್ಟಿಗೆಯಲ್ಲಿ ಎರಡು ಬಲ್ಬು, ಒಂದು ಕಂಪ್ಯೂಟರ್ ಫ್ಯಾನ್ ಹಾಕಿದರೆ ಆಯಿತು. ಬಿಸಿ ಒಮ್ಮೆಲೇ ಏರಿಸಬೇಡಿ, ಮರ ತುದಿಯಲ್ಲಿ ಸೀಳು ಬಿಡುತ್ತದೆ.

ಒಣಗಿದ ಹಲಗೆಯನ್ನು ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಸೀಳಿ. ಗಂಟು ಇರುವ ಪಟ್ಟಿ ಒಲೆಗೆ. ನಾರು ಓರೆಯಾಗಿ ಹೊರಗೆ ಓಡುತ್ತಿದ್ದರೆ ಅದೂ ಒಲೆಗೆ. ಪಕ್ಕಪಕ್ಕದ ಪಟ್ಟಿಗಳನ್ನು ತಲೆಕೆಳಗು ಮಾಡಿ ಜೋಡಿಸಿ. ಒಂದು ಬಲಕ್ಕೆ ತಿರುಚಲು ನೋಡಿದರೆ ಪಕ್ಕದ್ದು ಎಡಕ್ಕೆ ಎಳೆಯುತ್ತದೆ, ಒಟ್ಟಿನಲ್ಲಿ ಕೋರ್ ನೆಟ್ಟಗಿರುತ್ತದೆ. ನೀರು ತಡೆಯುವ ಮರದ ಅಂಟು ಹಚ್ಚಿ, ಕ್ಲಾಂಪ್ ಬಿಗಿದು ರಾತ್ರಿಯಿಡೀ ಬಿಡಿ. ಕೊನೆಗೆ 10 ಮಿಲಿಮೀಟರ್ ದಪ್ಪದ, ಬೋರ್ಡಿಗಿಂತ ಉದ್ದದಲ್ಲಿ ಎರಡೂ ಕಡೆ ಮೂರು ಸೆಂಟಿಮೀಟರ್ ಜಾಸ್ತಿ ಇರುವ ಹಲಗೆ ಸಿಗಬೇಕು.

ಮುಂದಿನದು ದಪ್ಪ ಇಳಿಸುವ ಕೆಲಸ. ನಡುವಿನಲ್ಲಿ, ಅಂದರೆ ಎರಡೂ ಕಾಲುಗಳ ನಡುವೆ, 8 ಮಿಲಿಮೀಟರ್. ಅಲ್ಲಿಂದ ಮೂಗು, ಬಾಲದ ಕಡೆಗೆ ಇಳಿಯುತ್ತಾ ಹೋಗಿ ತುದಿಯಲ್ಲಿ 2 ಮಿಲಿಮೀಟರ್. ಇದಕ್ಕೆ ಕೋರಿನ ಎರಡೂ ಪಕ್ಕಕ್ಕೆ ಅದೇ ಇಳಿಜಾರಿನಲ್ಲಿ ಕತ್ತರಿಸಿದ ಪ್ಲೈವುಡ್ ಹಳಿಗಳನ್ನು ನಿಲ್ಲಿಸಿ, ಅವುಗಳ ಮೇಲೆ ಜಾರುವ ಹಲಗೆಗೆ ರೌಟರ್ ಕೂರಿಸಿ. ರೌಟರ್ ಹಳಿಯ ಏರಿಳಿತವನ್ನೇ ಕೋರಿನ ಮೇಲೆ ಕೆತ್ತುತ್ತದೆ. ಪ್ರತಿ ಹತ್ತು ಸೆಂಟಿಮೀಟರಿಗೆ ಪೆನ್ಸಿಲ್ ಗುರುತು ಹಾಕಿ ವರ್ನಿಯರ್‌ನಿಂದ ಅಳೆಯಿರಿ. ನಡುವಿನ ದಪ್ಪ 7ರಿಂದ 8ಕ್ಕೆ ಹೋದರೆ ಬೋರ್ಡಿನ ಬಿಗಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಏರುತ್ತದೆ. ಅರ್ಧ ಮಿಲಿಮೀಟರ್ ಕೂಡ ಕಾಲಿಗೆ ಗೊತ್ತಾಗುತ್ತದೆ. 60 ಕಿಲೋ ಇರುವವರು 7ರ ಹತ್ತಿರ ನಿಲ್ಲಿಸಿ.

ಇನ್ಸರ್ಟ್ ಅಂದರೆ ಅಡಿಯಿಂದ ಕೂರಿಸುವ ಸ್ಟೇನ್‌ಲೆಸ್ ಸ್ಟೀಲ್ ನಟ್ಟು, ಒಳಗೆ ಎಂ6 ಮರೆ, ಅಂದರೆ 6 ಮಿಲಿಮೀಟರ್ ಬೋಲ್ಟ್ ಕಚ್ಚುವ ತಿರುಪಿನ ಸುರುಳಿ. ಅಡ್ಡಕ್ಕೆ 40 ಮಿಲಿಮೀಟರ್, ಉದ್ದಕ್ಕೆ 20 ಮಿಲಿಮೀಟರ್ ಅಂತರ ಇಟ್ಟರೆ ಮಾರುಕಟ್ಟೆಯ ಹೆಚ್ಚಿನ ಬೈಂಡಿಂಗ್ ಕೂರುತ್ತವೆ. ಎರಡು ಕಾಲುಗಳ ನಡುವಿನ ದೂರ ನನಗೆ 55 ಸೆಂಟಿಮೀಟರ್. ಇಡೀ ಗುಂಪನ್ನು ನಡುವಿನಿಂದ 2 ಸೆಂಟಿಮೀಟರ್ ಬಾಲದ ಕಡೆಗೆ ಸರಿಸಿದ್ದೇನೆ, ಆಳದ ಹಿಮದಲ್ಲಿ ಮೂಗು ಮುಳುಗುವುದಿಲ್ಲ. ಡ್ರಿಲ್ ಪ್ರೆಸ್ ಇಲ್ಲದೆ ಈ ತೂತುಗಳನ್ನು ಕೊರೆಯಬೇಡಿ. ಅಡಿಯ ಚಪ್ಪಟೆ ತಲೆ ಮರದ ಮಟ್ಟಕ್ಕೆ ಸರಿಯಾಗಿ ಕೂರಬೇಕು, ಎದ್ದು ನಿಂತರೆ ಬೇಸಿನಲ್ಲಿ, ಅಂದರೆ ಅಡಿಯ ಪ್ಲಾಸ್ಟಿಕ್‌ನಲ್ಲಿ, ಉಬ್ಬು ಕಾಣುತ್ತದೆ. ಮರೆಯೊಳಗೆ ಎಪಾಕ್ಸಿ ಹೋಗದ ಹಾಗೆ ಮೇಣ ತುಂಬಿ, ಮೇಲೆ ಸಣ್ಣ ಟೇಪ್ ಚುಕ್ಕೆ ಅಂಟಿಸಿ. ತೂತುಗಳ ಜಾಗ ಗುರುತಿಸಿದ ಒಂದು ಕಾಗದ ಎತ್ತಿಡಿ, ಬೋರ್ಡ್ ಒತ್ತಿದ ಮೇಲೆ ಅವನ್ನು ಹುಡುಕಲು ಬೇಕಾಗುತ್ತದೆ.

ಕೊನೆಗೆ ಕೋರಿನ ಬದಿಯನ್ನು ಸೈಡ್‌ಕಟ್ ಗೆರೆಯಿಂದ ಒಂದು ಸೆಂಟಿಮೀಟರ್ ಒಳಕ್ಕೆ ಕತ್ತರಿಸಿ, ಅಲ್ಲಿಗೆ ಎಬಿಎಸ್ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ. ಇದೇ ಸೈಡ್‌ವಾಲ್. ಪಟ್ಟಿ ಎರಡು ಸೆಂಟಿಮೀಟರ್ ಅಗಲ ಇರಲಿ, ಹೊರಗೆ ಉಳಿದದ್ದನ್ನು ಆಮೇಲೆ ಕತ್ತರಿಸಬಹುದು. ಮರವನ್ನೇ ಬದಿಗೂ ಬಿಟ್ಟು ಎಪಾಕ್ಸಿ ಬಳಿಯುವವರಿದ್ದಾರೆ. ಸಣ್ಣ ಕಲ್ಲು ತಾಗಿದರೂ ಅಲ್ಲಿಂದ ನೀರು ಒಳಗೆ ಹೋಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ.

ಬೇಸ್ ಮತ್ತು ಎಡ್ಜ್

ಬೇಸ್ ಅಂದರೆ 1.2 ಮಿಲಿಮೀಟರ್ ದಪ್ಪದ ಪಾಲಿಎಥಿಲೀನ್ ಹಾಳೆ. ಇದಕ್ಕೆ ಏನೂ ಅಂಟುವುದಿಲ್ಲ, ಅದಕ್ಕೇ ಹಿಮದ ಮೇಲೆ ಜಾರುತ್ತದೆ. ಹಾಗಾಗಿ ಸ್ನೋಬೋರ್ಡಿಗೆಂದೇ ಬರುವ ಹಾಳೆಯ ಒಂದು ಮುಖವನ್ನು ಅಂಟುವ ಹಾಗೆ ಮೊದಲೇ ಹದ ಮಾಡಿರುತ್ತಾರೆ. ಆ ಮುಖವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಗೊಂದಲ ಆಗದಿರಲಿ ಅಂತ ಇನ್ನೊಂದು ಮುಖಕ್ಕೆ ಟೇಪ್ ಹಚ್ಚಿಡಿ. ಟೆಂಪ್ಲೇಟಿಗಿಂತ ಎಡ್ಜಿನ ಅಗಲದಷ್ಟು, ಅಂದರೆ ಸುಮಾರು 2 ಮಿಲಿಮೀಟರ್ ಒಳಗೆ ಹಾಳೆ ಕತ್ತರಿಸಿ.

ಸ್ಟೀಲ್ ಎಡ್ಜನ್ನು ಬೋರ್ಡಿನ ಸುತ್ತಲೂ ಸುತ್ತಬೇಕಾಗಿಲ್ಲ. ಮೂಗಿನ ಬಾಗಿಗೆ ಅದನ್ನು ಸುಕ್ಕಿಲ್ಲದೆ ಬಗ್ಗಿಸುವುದು ದೊಡ್ಡ ರಗಳೆ. ಹಿಮಕ್ಕೆ ತಾಗುವ ಬದಿಗಳಿಗೆ ಮಾತ್ರ ಹಾಕಿ, ಅತಿ ಅಗಲದ ಜಾಗ ದಾಟಿ ನಾಲ್ಕೈದು ಸೆಂಟಿಮೀಟರ್ ಒಳಕ್ಕೆ ತಿರುಗಿಸಿ ನಿಲ್ಲಿಸಿಬಿಡಿ. ಎಡ್ಜಿನ ಹಲ್ಲುಗಳನ್ನು (ಬೋರ್ಡಿನ ಒಳಗೆ ಹುದುಗುವ ಭಾಗ) ಮರಳು ಕಾಗದದಿಂದ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ಬೇಸಿನ ಅಂಚಿಗೆ ಸೂಪರ್ ಗ್ಲೂ ಹನಿಗಳಿಂದ ಕೂರಿಸಿ. ಹನಿ ಸಣ್ಣದಿರಲಿ. ಹಲ್ಲಿನ ಮೇಲೆ ಗ್ಲೂ ಹರಡಿದರೆ ಅಲ್ಲಿ ಎಪಾಕ್ಸಿ ಹಿಡಿಯುವುದಿಲ್ಲ.

ಅಂಟಿಸುವ ದಿನ

ಒತ್ತಲು ಎರಡು ದಾರಿಗಳಿವೆ. ಕಬ್ಬಿಣದ ಐ-ಬೀಮುಗಳ ನಡುವೆ ಫೈರ್ ಹೋಸ್‌ಗೆ ಗಾಳಿ ತುಂಬಿ ಒತ್ತುವುದು ಒಂದು. ಒಂದು ಚದರ ಸೆಂಟಿಮೀಟರಿಗೆ 3 ಕಿಲೋ ಒತ್ತಡ ಕೊಟ್ಟರೆ ಇಡೀ ಬೋರ್ಡಿನ ಮೇಲೆ 13 ಟನ್ ಬೀಳುತ್ತದೆ. ಒಂದು ವೆಲ್ಡಿಂಗ್ ಬಿಟ್ಟುಕೊಂಡರೂ ಪ್ರಾಣಕ್ಕೆ ಬರುವ ಯಂತ್ರ ಅದು. ಇನ್ನೊಂದು ದಾರಿ ವ್ಯಾಕ್ಯೂಮ್ ಬ್ಯಾಗ್. ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಎಲ್ಲ ಇಟ್ಟು ಗಾಳಿ ಎಳೆದರೆ ಹೊರಗಿನ ವಾತಾವರಣವೇ ಒತ್ತುತ್ತದೆ. ಮೊದಲ ಬೋರ್ಡಿಗೆ ನಾನು ಹೇಳುವುದು ಇದನ್ನೇ.

ಇಲ್ಲೊಂದು ನಮ್ಮೂರಿನ ಲೆಕ್ಕ ಇದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಮಂಗಳೂರಿನಲ್ಲಿ ಚದರ ಸೆಂಟಿಮೀಟರಿಗೆ 1.03 ಕಿಲೋ ಇರುವ ವಾತಾವರಣದ ಒತ್ತಡ ಇಲ್ಲಿ 0.9. ಪಂಪ್ ಪೂರ್ತಿ ಎಳೆಯುವುದಿಲ್ಲ, ಹಾಗಾಗಿ ನಮಗೆ ದಕ್ಕುವುದು 0.75ರಷ್ಟು. ಆದರೂ ಬೋರ್ಡಿನ ಮೇಲೆ ಮೂರು ಟನ್ನಿಗೂ ಜಾಸ್ತಿ. ಪದರಗಳು ಸರಿಯಾಗಿ ನೆನೆದಿದ್ದರೆ ಅಷ್ಟು ಸಾಲುತ್ತದೆ. ಪಂಪಿಗೆ ಹಳೆಯ ಫ್ರಿಜ್ಜಿನ ಕಂಪ್ರೆಸರ್ ಸಾಕು. ಒಳಗಿನ ಗ್ಯಾಸನ್ನು ಮಾತ್ರ ಫ್ರಿಜ್ ಮೆಕ್ಯಾನಿಕ್‌ನಿಂದಲೇ ತೆಗೆಸಿ, ಈಚಿನ ಫ್ರಿಜ್ಜುಗಳಲ್ಲಿ ಬೆಂಕಿ ಹತ್ತುವ ಗ್ಯಾಸ್ ಇರುತ್ತದೆ.

ಕರೆಂಟು ಹೋಗುವ ವಿಷಯ ನಿಮಗೇ ಗೊತ್ತು. ಒಣ ಕಾಲದಲ್ಲೂ ಒಂದು ಮರ ಲೈನಿನ ಮೇಲೆ ಬಿದ್ದರೆ ಮುಗಿಯಿತು. ರಾಳ ಗಟ್ಟಿಯಾಗುವ ಮೊದಲು ಗಾಳಿ ಒಳಗೆ ನುಗ್ಗಿದರೆ ಪದರಗಳು ಬಿಟ್ಟುಕೊಳ್ಳುತ್ತವೆ. ಪಂಪನ್ನು ಇನ್ವರ್ಟರಿಗೆ ಹಾಕಿ, ನಡುವೆ ಗಾಳಿ ವಾಪಸ್ ಬರದಂತೆ ತಡೆಯುವ ಒಂದು ಚೆಕ್ ವಾಲ್ವ್ ಇಡಿ. ಒಂದು ದಿನ ಮೊದಲೇ ಖಾಲಿ ಅಚ್ಚಿನ ಮೇಲೆ ಚೀಲ ಮುಚ್ಚಿ, ಗಾಳಿ ಎಳೆದು, ಪಂಪ್ ಆರಿಸಿ ಗೇಜ್ ನೋಡಿ. ಅರ್ಧ ಗಂಟೆ ಮುಳ್ಳು ಅಲ್ಲಾಡದಿದ್ದರೆ ಧೈರ್ಯವಾಗಿ ಮುಂದೆ ಹೋಗಿ.

ಎಪಾಕ್ಸಿ ನಿಧಾನಕ್ಕೆ ಗಟ್ಟಿಯಾಗುವ ಲ್ಯಾಮಿನೇಟಿಂಗ್ ಜಾತಿಯದ್ದಾಗಿರಬೇಕು. ಅಂಗಡಿಯ ಐದು ನಿಮಿಷದ ಟ್ಯೂಬ್ ಇಲ್ಲಿ ನಡೆಯುವುದಿಲ್ಲ. ಗ್ಲಾಸ್ ಬಟ್ಟೆ ಮೂರು ದಿಕ್ಕಿನ ನಾರಿನದ್ದು, ಅಂದರೆ ಟ್ರೈಯಾಕ್ಸಿಯಲ್, ಚದರ ಮೀಟರಿಗೆ 750 ಗ್ರಾಂ ತೂಕದ್ದು. ಉದ್ದದ ನಾರು ಬಿಗಿ ಕೊಡುತ್ತದೆ, ಓರೆ ನಾರು ತಿರುಚುವುದನ್ನು ತಡೆಯುತ್ತದೆ. ನೀರಿನ ಟ್ಯಾಂಕ್ ತೇಪೆಗೆ ಹಾಕುವ ಚಾಪೆಯಂಥ ಗ್ಲಾಸ್ ಬೇಡ. ಮೇಲಿನ, ಕೆಳಗಿನ ಪದರ ಸೇರಿ 800 ಗ್ರಾಂ ಗ್ಲಾಸ್ ಆಗುತ್ತದೆ. ಒಂದು ಕಿಲೋ ರಾಳ ಕಲಸಿಕೊಂಡರೆ ಮರ ಕುಡಿಯುವುದಕ್ಕೂ ಸೇರಿ ಸಾಕಾಗುತ್ತದೆ. ಅಳತೆ ಡಬ್ಬದ ಮೇಲೆ ಬರೆದಷ್ಟೇ, ತೂಕದ ಯಂತ್ರದಲ್ಲೇ. ರಾಳವನ್ನು ಗಟ್ಟಿ ಮಾಡುವ ಹಾರ್ಡ್ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಕೆಟ್ಟುಹೋಗುತ್ತದೆ.

ಬೆಳಿಗ್ಗೆ ಮಂಜು ಪೂರ್ತಿ ಎದ್ದ ಮೇಲೆ, ಹತ್ತು ಗಂಟೆ ಹೊತ್ತಿಗೆ ಶುರು ಮಾಡಿ. ಶೆಡ್ಡಿನ ಒಳಗೆ 22-25 ಡಿಗ್ರಿ ಇರಲಿ, ಹೀಟರ್ ಹಾಕಿಯಾದರೂ. ಗ್ಲಾಸ್ ಬಟ್ಟೆಯನ್ನು ಹಿಂದಿನ ರಾತ್ರಿಯೆಲ್ಲ ಬಲ್ಬಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಟ್ಟಿರಿ. ತೇವ ಇದ್ದರೆ ಎಪಾಕ್ಸಿ ಮೇಲೆ ಬಿಳಿ ಜಿಡ್ಡು ಕೂರುತ್ತದೆ, ಅದರ ಮೇಲೆ ಮುಂದಿನದು ಯಾವುದೂ ಅಂಟುವುದಿಲ್ಲ. ನೈಟ್ರೈಲ್ ಗ್ಲೌಸ್ ಎರಡು ಜೊತೆ ಒಂದರ ಮೇಲೊಂದು ಹಾಕಿಕೊಳ್ಳಿ. ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹಿಡಿದು ಜನ್ಮಕ್ಕೆ ಬಿಡುವುದಿಲ್ಲ. ಕೈಗೆ ತಾಗಿದ್ದನ್ನು ಅಸಿಟೋನ್‌ನಿಂದ ತೊಳೆಯಬೇಡಿ, ಸೋಪು ನೀರು ಸಾಕು. ಜೊತೆಗೆ ಇನ್ನೊಬ್ಬರು ಇರಲೇಬೇಕು, ಬಾಗಿಲು ತೆಗೆಯಲು, ಫೋನ್ ಎತ್ತಲು, ಬಟ್ಟೆಯ ಇನ್ನೊಂದು ತುದಿ ಹಿಡಿಯಲು.

ಕಲಸಿದ ರಾಳವನ್ನು ಮಗ್ಗಿನಲ್ಲೇ ಬಿಡಬೇಡಿ. ಒಂದೇ ಕಡೆ ರಾಶಿಯಾಗಿದ್ದರೆ ತನ್ನ ಬಿಸಿಗೆ ತಾನೇ ಹೊಗೆಯಾಡಿ ಕಲ್ಲಾಗುತ್ತದೆ. ಅಗಲ ತಟ್ಟೆಗೆ ಸುರಿದುಬಿಡಿ.

ಅಚ್ಚಿನ ಮೇಲೆ ಅಂಟದ ಪ್ಲಾಸ್ಟಿಕ್ ಹಾಳೆ ಹಾಸಿ. ಅದರ ಮೇಲೆ ಬೇಸ್, ಜಾರುವ ಮುಖ ಕೆಳಗೆ. ನಡುಗೆರೆಗೆ ಸರಿ ಹೊಂದಿಸಿ ಅಂಚುಗಳಿಗೆ ಟೇಪ್. ಸ್ಟೀಲ್ ಹಲ್ಲುಗಳ ಮೇಲೆ ತೆಳು ರಬ್ಬರ್ ಪಟ್ಟಿ ಬರುತ್ತದೆ. ಚಳಿಗೆ ಸ್ಟೀಲು ಕುಗ್ಗುವ ಲೆಕ್ಕ ಬೇರೆ, ಗ್ಲಾಸ್ ಕುಗ್ಗುವ ಲೆಕ್ಕ ಬೇರೆ, ನಡುವೆ ಈ ರಬ್ಬರ್ ಇದ್ದರೆ ಎರಡೂ ಕಿತ್ತಾಡುವುದಿಲ್ಲ. ಆಮೇಲೆ ರಾಳ. ಜೇನಿನ ಹಾಗೆ ಎಳೆಯಾಗಿ ಸುರಿದು ಪ್ಲಾಸ್ಟಿಕ್ ಗೀರುಪಟ್ಟಿಯಿಂದ ಹರಡಿ. ಗ್ಲಾಸ್ ಹಾಸಿ. ಬಿಳಿ ಬಟ್ಟೆ ರಾಳ ಕುಡಿಯುತ್ತಾ ಬಂದ ಹಾಗೆ ಕಣ್ಣೆದುರೇ ತಿಳಿಯಾಗುತ್ತದೆ, ಅಡಿಯ ಕಪ್ಪು ಬೇಸ್ ಕಾಣತೊಡಗುತ್ತದೆ. ಎಲ್ಲಾದರೂ ಬಿಳಿ ಮಚ್ಚೆ ಉಳಿದಿದ್ದರೆ ಅಲ್ಲಿ ಗಾಳಿ ಇದೆ ಅಂತ. ಗೀರುಪಟ್ಟಿಯಿಂದ ನಡುವಿನಿಂದ ಹೊರಕ್ಕೆ ಮೆಲ್ಲಗೆ ತಳ್ಳಿ. ಜೋರಾಗಿ ಉಜ್ಜಿದರೆ ನಾರು ಸರಿದುಬಿಡುತ್ತದೆ.

ಕೋರಿನ ಅಡಿಗೂ ರಾಳ ಬಳಿದು, ಇನ್ಸರ್ಟ್ ತಲೆಗಳು ಕೆಳಗೆ ಬರುವ ಹಾಗೆ ಇಡಿ. ಮೂಗು, ಬಾಲದ ಆಚೆ ಬಿಟ್ಟಿರುವ ಹೆಚ್ಚುವರಿ ಮರದಲ್ಲಿ ಒಂದೊಂದು ಮೊಳೆ ಹೊಡೆದು ಅಚ್ಚಿಗೆ ಸೇರಿಸಿ. ರಾಳದ ಮೇಲೆ ಕೋರ್ ಸೋಪಿನಂತೆ ಜಾರುವುದರಿಂದ ಈ ಮೊಳೆ ಮರೆಯಬೇಡಿ. ಮತ್ತೆ ರಾಳ, ಎರಡನೇ ಗ್ಲಾಸ್, ಮೇಲೆ ಟಾಪ್‌ಶೀಟ್. ಮೇಲ್ಪದರಕ್ಕೆ ಹಳೆಯ ಕಾಟನ್ ಸೀರೆಯ ತುಂಡು ಹಾಕುವವರೂ ಇದ್ದಾರೆ, ಚೆನ್ನಾಗಿಯೇ ಕಾಣುತ್ತದೆ. ಅದರ ಮೇಲೆ ಮತ್ತೆ ಅಂಟದ ಹಾಳೆ, ಗಾಳಿ ಓಡಾಡಲು ಒಂದು ಹಳೇ ಕಂಬಳಿ, ಚೀಲ ಮುಚ್ಚಿ ಪಂಪ್ ಹಾಕಿ. ಚೀಲ ಬಿಗಿಯುವಾಗ ಮೂಗಿನ ಬಾಗಿನ ಹತ್ತಿರ ಸೇತುವೆಯಂತೆ ಎಳೆದು ನಿಲ್ಲದ ಹಾಗೆ ಕೈಯಿಂದ ಮಡಿಕೆ ಬಿಡಿಸುತ್ತಾ ಬನ್ನಿ.

ರಾತ್ರಿ ಮಡಿಕೇರಿಯ ಡಿಸೆಂಬರ್ ಚಳಿಗೆ ರಾಳ ಅರ್ಧಕ್ಕೇ ನಿಂತುಬಿಡುತ್ತದೆ. ಹತ್ತು ಡಿಗ್ರಿ ಇಳಿದರೆ ಗಟ್ಟಿಯಾಗುವ ಸಮಯ ಹೆಚ್ಚುಕಡಿಮೆ ಎರಡು ಪಟ್ಟು. ಅಚ್ಚಿನ ಮೇಲೆ ಥರ್ಮೋಕೋಲ್ ಪೆಟ್ಟಿಗೆ ಮುಚ್ಚಿ, ಒಳಗೆ ಬಲ್ಬು ಹಾಕಿ 40 ಡಿಗ್ರಿ ಹಿಡಿದಿಡಿ. ಬಲ್ಬು ಥರ್ಮೋಕೋಲಿಗೂ ಚೀಲಕ್ಕೂ ತಾಗದ ಹಾಗೆ ಜಾಲರಿ ಇರಲಿ, ರಾತ್ರಿ ಎದ್ದು ನೋಡುತ್ತಿರಿ. ಪೂರ್ತಿ ಒಂದು ದಿನ ಬಿಟ್ಟು, ತಣ್ಣಗಾದ ಮೇಲೆಯೇ ಬಿಚ್ಚಿ. ಬಿಸಿಯಿದ್ದಾಗ ಬಿಚ್ಚಿದರೆ ಕ್ಯಾಂಬರ್ ಹೋಗುತ್ತದೆ.

ಕತ್ತರಿಸಿ, ತೀಡಿ, ಮೇಣ ಹಚ್ಚಿ

ಅಂಚಿನ ಹೆಚ್ಚುವರಿಯನ್ನು ಜಿಗ್‌ಸಾದಲ್ಲಿ ಸ್ಟೀಲಿನಿಂದ ಮೂರು ಮಿಲಿಮೀಟರ್ ಹೊರಗೆ ಕತ್ತರಿಸಿ. ಉಳಿದದ್ದನ್ನು ಬೆಲ್ಟ್ ಸ್ಯಾಂಡರ್‌ನಿಂದ ಸ್ಟೀಲ್ ಹೊಳೆಯುವವರೆಗೆ ತೆಗೆಯಿರಿ. ಸ್ಟೀಲ್ ಬಿಸಿಯಾದರೆ ಒಳಗಿನ ಎಪಾಕ್ಸಿ ಮೆತ್ತಗಾಗುತ್ತದೆ, ಬೆರಳಿಟ್ಟು ನೋಡುತ್ತಾ ಇರಿ. ಗ್ಲಾಸಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಳ್ಳೆಯ ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಕೆಲಸ ಮಾಡಿ, ಕಾಫಿ ಹರವಿದ ಕಣದ ಹತ್ತಿರ ಮಾತ್ರ ಬೇಡ. ಸೈಡ್‌ವಾಲನ್ನು ಒಳಕ್ಕೆ ಓರೆ ಮಾಡಿ. ಎಡ್ಜಿಗೆ ಅಡಿಯಿಂದ ಒಂದು ಡಿಗ್ರಿ, ಪಕ್ಕದಿಂದ ಒಂದು ಡಿಗ್ರಿ ಓರೆಯಾಗಿ ಅರದಿಂದ ಉಜ್ಜಿದರೆ ಹೊಸಬರಿಗೂ ಎಡ್ಜ್ ಹಿಮಕ್ಕೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಎತ್ತಿಟ್ಟ ಕಾಗದ ಇಟ್ಟು ಇನ್ಸರ್ಟ್ ತೂತುಗಳನ್ನು ತೆರೆಯಿರಿ.

ಬೇಸಿಗೆ ಮೇಣ ಹಚ್ಚಲು ಹಬೆ ತೂತಿಲ್ಲದ ಹಳೆಯ ಇಸ್ತ್ರಿಪೆಟ್ಟಿಗೆ ಬೇಕು. ಮೇಣ ಹೊಗೆಯಾಡಬಾರದು, ಪೆಟ್ಟಿಗೆ ಒಂದೇ ಕಡೆ ನಿಲ್ಲಬಾರದು. ತಣಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಪೂರ್ತಿ ಕೆರೆದು ತೆಗೆಯಿರಿ.

ಹಿಮ ಇಲ್ಲದ ಊರಲ್ಲಿ ಬೋರ್ಡ್ ಪರೀಕ್ಷೆ ಹೇಗೆ? 120 ಸೆಂಟಿಮೀಟರ್ ಅಂತರದಲ್ಲಿ ಎರಡು ದಿಮ್ಮಿ ಇಟ್ಟು ಮೇಲೆ ಬೋರ್ಡ್ ಹಾಸಿ, ನಡುವೆ 25 ಕಿಲೋ ಅಕ್ಕಿ ಮೂಟೆ ಇಡಿ. ಮೂಗಿನಿಂದ ಬಾಲಕ್ಕೆ ನೂಲು ಕಟ್ಟಿ ಎಷ್ಟು ಬಗ್ಗಿತು ಅಂತ ಅಳೆಯಿರಿ. ನಿಮಗೆ ಇಷ್ಟವಾದ ಬೇರೆ ಬೋರ್ಡಿಗೂ ಹೀಗೇ ಮಾಡಿ ಹೋಲಿಸಿ. ಮೂಟೆಯನ್ನು ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಇಳಿಸಿದಾಗ ಬೋರ್ಡ್ ಮೊದಲಿನ ಕ್ಯಾಂಬರಿಗೆ ಮರಳಬೇಕು. ಕಿವಿಗೊಟ್ಟು ಬೆರಳಿನಿಂದ ಬೇಸನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ, ಪೊಳ್ಳು ಸದ್ದು ಬಂದ ಕಡೆ ಪದರ ಬಿಟ್ಟಿದೆ ಅಂತ ಅರ್ಥ. ಅಂಚಿನ ಹತ್ತಿರ ಸಣ್ಣದಾಗಿ ಬಿಟ್ಟಿದ್ದರೆ ಬ್ಲೇಡಿನಿಂದ ಅಗಲಿಸಿ, ಬಿಸಿ ಮಾಡಿದ ತೆಳು ಎಪಾಕ್ಸಿ ಇಳಿಸಿ, ಕ್ಲಾಂಪ್ ಹಾಕಿದರೆ ಸರಿಹೋಗುತ್ತದೆ. ಕಾಲಿನ ಕೆಳಗೇ ಪೊಳ್ಳಿದ್ದರೆ ಆ ಬೋರ್ಡ್ ಗೋಡೆಗೆ.

ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಬೆಂಗಳೂರಿಗೋ ಕಣ್ಣೂರಿಗೋ ಬೋರ್ಡ್ ಹೊತ್ತುಕೊಂಡು ಹೋಗಬೇಕು. ಬಸ್ಸಿನ ಡಿಕ್ಕಿಯಲ್ಲಿ ಮೂಗು ಜಜ್ಜದ ಹಾಗೆ ಎರಡೂ ತುದಿಗೆ ಗೋಣಿ ಸುತ್ತಿ. ಬೈಂಡಿಂಗ್ ಬಿಚ್ಚಿ ಬೇರೆ ಚೀಲಕ್ಕೆ ಹಾಕಿ. ಬೋಲ್ಟುಗಳ ಉದ್ದ ಊರಲ್ಲೇ ನೋಡಿಕೊಳ್ಳಿ: ಉದ್ದ ಜಾಸ್ತಿಯಾದರೆ ಬೇಸನ್ನು ಒಳಗಿಂದ ಉಬ್ಬಿಸುತ್ತದೆ, ಕಡಿಮೆಯಾದರೆ ಮರೆ ಕಿತ್ತು ಬರುತ್ತದೆ. ಐದಾರು ಸುತ್ತು ಮರೆ ಹಿಡಿದಿರಲಿ. ಮೂರನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್ ಜೇಬಲ್ಲಿಟ್ಟುಕೊಂಡು, ಮೊದಲ ಇಳಿತ ಮುಗಿದ ಕೂಡಲೇ ಎಂಟೂ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿ. ಹೊಸ ಬೋರ್ಡಿನಲ್ಲಿ ಅವು ಸಡಿಲಾಗುವುದು ಸಾಮಾನ್ಯ.